ಇವತ್ತು ಕಾಣಬಾರದ ಚಂದ್ರ

ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡದ ಕಣ್ಣೇ ಟೇಲರ್ ಅಮೀರ್‌ಜಾನ್‌ಗೆ ಮುಳುವಾಯಿತು. ನ್ಯಾಮತಿಯಲ್ಲಿ ರಂಜಾನಿನ ಎಳೆ ಚಂದ್ರನನ್ನು ಪ್ರತಿವರ್ಷ ಮೊದಲು ಕಾಣುವವನು ಅವನೇ. ಈ ಸಲ ಮಾತ್ರ, ಆ ಚಂದ್ರ ಇವತ್ತೊಂದು ದಿನ ಕಾಣದಿರಲಿ ಎಂದು ಬೆಳಗಿನಿಂದ ಮೊರೆಯಿಡುತ್ತಿದ್ದ. ಕಂಡರೆ ನಾಳೆಯೇ ಹಬ್ಬ. ಅಂಗಡಿಯಲ್ಲಿ ಹೊಲಿಯದ ಬಟ್ಟೆ ರಾಶಿ ಬಿದ್ದಿತ್ತು. ಕಾಣದಿದ್ದರೆ ಹಬ್ಬ ನಾಡಿದ್ದು, ಮಾನ ಉಳಿಯುತ್ತಿತ್ತು.

ಇಫ್ತಾರಿನ ಖರ್ಜೂರ ಬಾಯಲ್ಲಿರುವಾಗಲೇ ಮಸೀದಿ ಕಮಿಟಿಯ ಮತೀನ್ ಬಂದ. "ಬರ್ರಿ ಅಮೀರ್ ಭಾಯ್, ಮುರುಗೇಶಪ್ಪನೋರ ಮಾಳಿಗೆ ಹತ್ತಾನ."

"ಯಾಕೋ ಕಣ್ಣು ಮಂಜಾದಂಗೈತೆ..."

"ಮಧ್ಯಾಹ್ನ ಬಸ್ಸಿನಾಗೆ ಹೋಗೋನ ಅಂಗಿ ಗುಂಡಿ ಕಿತ್ತೋಗೈತೆ ಅಂದೋರು ಯಾರ್ರೀ?" ಮತೀನ್ ತೋಳು ಹಿಡಿದೆಳೆದ.

ಪಕ್ಕದ ಅಂಗಡಿಯ ಮುರುಗೇಶಪ್ಪನ ಮಾಳಿಗೆಯ ಎದುರಿಗೇ ಹೊಸ ಹೈಮಾಸ್ಟ್ ದೀಪ ಧಗಧಗ ಉರಿಯುತ್ತಿತ್ತು. ಅಮೀರ್‌ಜಾನ್‌ಗೆ ಹೋದ ಜೀವ ಬಂತು. "ಈ ಬೆಳಕಿನಾಗೆ ಚಂದ್ರ ಹೆಂಗ್ರೀ ಕಾಣ್ತಾನೆ? ಇಳಿಯಾನ ನಡೀರಿ."

"ಅದಕ್ಯಾಕೆ ಚಿಂತೆ?" ಎಂದ ಮುರುಗೇಶಪ್ಪ ಲೈನ್‌ಮನ್ ತಿಪ್ಪೇಶನಿಗೆ ಫೋನ್ ಮಾಡಿದ. ದೀಪದ ಜೊತೆಗೆ ಇಡೀ ಬೀದಿಯ ಕರೆಂಟೇ ಹೋಯಿತು. ಪಡುವಣದಲ್ಲಿ ಶುಕ್ರ ಫಳ್ಳನೆ ಹೊಳೆದ. ಕೆಳಗಿನಿಂದ ಅಮೀರ್‌ಜಾನನ ಹೆಂಡತಿ ದಿಲ್‌ಶಾದ್ ಬೇಗಂ ಕೂಗಿದಳು: "ರೀ, ಮಷಿನ್ ಮೋಟ್ರು ನಿಂತೋಯ್ತು!"

ಮತೀನನ ಮೊಬೈಲು ಚಂದ್ರ ಶುಕ್ರನ ಕೆಳಗಿದ್ದಾನೆ ಎಂದು ತೋರಿಸುತ್ತಿತ್ತು. ಆದರೆ ತಲೆಮಾರುಗಳಿಂದ ಬಂದ ಪದ್ಧತಿಯಲ್ಲಿ ಬರಿಗಣ್ಣಿಗೆ ಕಂಡರಷ್ಟೇ ಹಬ್ಬ. ಎಲ್ಲರೂ ಅಮೀರ್‌ಜಾನನ ಮುಖ ನೋಡುತ್ತ ನಿಂತರು. ಅವನು ಕತ್ತಲಲ್ಲಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಈಗ ಕಾಣಲಿಲ್ಲ ಎಂದರೆ ಸುಳ್ಳೇನೂ ಅಲ್ಲವಲ್ಲ? ಆದರೆ ನಾಲ್ಕು ಜುಬ್ಬಾಕ್ಕಾಗಿ ಹಬ್ಬದ ದಿನ ಊರನ್ನೇ ಉಪವಾಸ ಕೂರಿಸುವುದೇ? ತನ್ನ ಮೇಲೆ ತನಗೇ ನಾಚಿಕೆಯಾಯಿತು. ಕಣ್ಣು ಬಿಟ್ಟು, ಶುಕ್ರನ ಕೆಳಗೆ, ಎಡಕ್ಕೆ, ಬಲಕ್ಕೆ ಹುಡುಕಿದ. ಇಲ್ಲ. ನಿಜವಾಗಿಯೂ ಇಲ್ಲ!

"ಕಾಣಾಕಿಲ್ಲ!" ಎಂದು ಅವನು ಕುಣಿದಾಡಿದ್ದು ಕಂಡು ಮತೀನ್ ಗಾಬರಿಯಾದ. ಬೇರೆ ಊರುಗಳಿಂದಲೂ ಅದೇ ಸುದ್ದಿ ಬಂತು. ಹಬ್ಬ ನಾಡಿದ್ದೇ ಎಂದು ಬೀದಿಗೆಲ್ಲ ಸಾರಿದರು.

ಅಮೀರ್‌ಜಾನ್ ಹಗುರಾಗಿ ಮೆಟ್ಟಿಲಿಳಿದ. ಅಂಗಡಿ ಮುಂದೆ ಮೊಬೈಲ್ ಟಾರ್ಚ್ ಹಿಡಿದ ಜನ ಕಿಕ್ಕಿರಿದಿದ್ದರು. ಎಲ್ಲರ ಕೈಯಲ್ಲೂ ಹೊಸ ಬಟ್ಟೆಯ ತುಂಡು.

"ಹೆಂಗೂ ನಾಳೆ ಪೂರ್ತಿ ಐತಲ್ರೀ, ಇದೊಂದು ಹೊಲಿದು ಕೊಡ್ರಿ!"

ಹಿಂದೆಯೇ ಇಳಿದ ಮತೀನ್ ಕಂಕುಳಿಂದ ಪೊಟ್ಟಣ ತೆಗೆದ. "ನಮ್ಮನೇರ್ದೂ ಒಂದೈತೆ, ಭಾಯ್."

ಅಮೀರ್‌ಜಾನ್ ಪೊಟ್ಟಣ ನೋಡಿದ, ಜನರನ್ನು ನೋಡಿದ, ಆಮೇಲೆ ತಿರುಗಿ ಮೆಟ್ಟಿಲತ್ತ ಓಡಿದ.

"ಬರ್ರಿ, ಇನ್ನೊಂದ್ಸಲ ನೋಡಾನ! ನಾನು ಸರಿಯಾಗಿ ನೋಡಿಲ್ಲ!"