ಸೂರ್ಯೋದಯದ ಪರಿಷ್ಕೃತ ವೇಳೆ

ಕಳೆದ ಏಪ್ರಿಲ್ ಒಂದನೇ ತಾರೀಖಿನಿಂದ ನಂದಿ ಬೆಟ್ಟದ ಮೇಲೆ ಸೂರ್ಯ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಹುಟ್ಟುತ್ತಾನೆ. ಈ ಆದೇಶದ ಕರಡು ಬರೆದವನು ನಾನೇ ಆದ್ದರಿಂದ ಹಿನ್ನೆಲೆ ತಿಳಿಸುವುದೂ ನನ್ನ ಪಾಲಿಗೇ ಬಂದಿದೆ.

ಯಲಹಂಕದ ನಮ್ಮ ಬೆಟ್ಟಮಾರ್ಗ ಪ್ರಾಧಿಕಾರಕ್ಕೆ ಎರಡೇ ಕೆಲಸ. ಬೆಟ್ಟದ ಬುಡದಲ್ಲಿ ಗೇಟು ಕಾಯುವುದು, 'ಬೆಂಗಳೂರಿನಿಂದ ಬೆಟ್ಟಕ್ಕೆ: ಮೂರು ಸುಗಮ ಮಾರ್ಗಗಳು' ಎಂಬ ಕೈಪಿಡಿ ಹಂಚುವುದು. ಕೈಪಿಡಿಯ ಮುಖಪುಟದಲ್ಲಿ ಸೂರ್ಯೋದಯದ ಬಣ್ಣದ ಚಿತ್ರವಿದೆ. ಜನ ಅದನ್ನೇ ನಂಬಿಕೊಂಡು ಬಂದುಬಿಡುತ್ತಾರೆ, ನಾವೇನು ಮಾಡೋಣ ಹೇಳಿ.

ಜಾಲಹಳ್ಳಿಯ ಜೈಬುನ್ನೀಸಾ ಹಾಗೆ ನಂಬಿದವರು. ಅರವತ್ತು ದಾಟಿದ ಹೆಂಗಸು. ಕಣ್ಣಿನ ನರ ಒಣಗುತ್ತಿದೆ, ವರ್ಷದೊಳಗೆ ಪೂರ್ತಿ ಕತ್ತಲಾಗುತ್ತದೆ ಎಂದು ಡಾಕ್ಟರು ಕೈ ಚೆಲ್ಲಿದ್ದರು. ಅಷ್ಟರೊಳಗೆ ಬೆಟ್ಟದ ಮೇಲೆ ನಿಂತು ಸೂರ್ಯ ಹುಟ್ಟುವುದನ್ನು ಒಂದು ಸಲ ನೋಡಬೇಕೆಂಬುದು ಆಕೆಯ ಆಸೆ. ಗಂಡ ಅಕ್ಬರ್ ಪಾಷಾ ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವರು, ಬರೆದದ್ದನ್ನು ಪಾಲಿಸಿಯೇ ಅಭ್ಯಾಸ. ಮಾರ್ಗ ಒಂದು, ಬಸ್ಸು. ಹೆಬ್ಬಾಳ ದಾಟುವಷ್ಟರಲ್ಲೇ ಬೆಳಗಾಯಿತು. ಮಾರ್ಗ ಎರಡು, ರೈಲು. ಯಶವಂತಪುರದಲ್ಲಿ ಹತ್ತಿ ಇಳಿದ ಕಡೆಯಿಂದ ಬೆಟ್ಟ ಬಹಳ ಚೆನ್ನಾಗಿ ಕಾಣುತ್ತಿತ್ತು, ದೂರದಲ್ಲಿ. ಮಾರ್ಗ ಮೂರು, ಸ್ವಂತ ವಾಹನ. ಅಳಿಯ ಹುಜೈಫಾನ ಕಾರಿನಲ್ಲಿ ನಸುಕಿಗೇ ಹೊರಟು ಗೇಟಿಗೆ ಎಲ್ಲರಿಗಿಂತ ಮೊದಲು ಬಂದರು. ಗೇಟು ತೆಗೆದದ್ದು ಆರೂವರೆಗೆ, ಕಾವಲುಗಾರ ಆವಲಪ್ಪನ ಡ್ಯೂಟಿ ಶುರುವಾಗುವುದೇ ಆಗ. ಸೂರ್ಯ ಅದಕ್ಕೆ ಕಾಯಲಿಲ್ಲ.

ಸೋಮವಾರ ಆಕೆ ಅರ್ಜಿ ಹಿಡಿದು ನನ್ನ ಟೇಬಲ್ಲಿಗೆ ಬಂದರು.

"ಗೇಟು ಒಂದು ಗಂಟೆ ಮುಂಚೆ ತೆಗೀರಿ ಸಾರ್, ಸಾಕು. ನನ್ ಹತ್ರ ಜಾಸ್ತಿ ದಿನ ಇಲ್ಲ."

ಪಾಪ ಅನ್ನಿಸಿತು. ಆ ಭರದಲ್ಲೇ ಕಡತ ತೆರೆದೆ. ನಿರ್ದೇಶಕ ಸಂಗಪ್ಪನವರು ಸಭೆ ಕರೆದರು. ಆವಲಪ್ಪನನ್ನು ಒಂದು ಗಂಟೆ ಮುಂಚೆ ಎಬ್ಬಿಸಬೇಕಾದರೆ ನೌಕರರ ಸಂಘದ ಒಪ್ಪಿಗೆ, ಸೇವಾ ನಿಯಮದ ತಿದ್ದುಪಡಿ, ಮೂರು ಇಲಾಖೆಗಳ ಸಹಮತಿ ಬೇಕೆಂದು ತಿಳಿದುಬಂತು. ಸಂಗಪ್ಪನವರು ಬೋಂಡಾ ಕೆಳಗಿಟ್ಟರು.

"ಸೂರ್ಯನ ಟೈಮ್ ಬದಲಾಯಿಸೋಕೆ ಯಾರ ಪರ್ಮಿಷನ್ ಬೇಕ್ರೀ?"

ನಿಯಮಾವಳಿ ಪೂರ್ತಿ ತಿರುವಿಹಾಕಿದೆ. ಯಾರದ್ದೂ ಬೇಕಿರಲಿಲ್ಲ. ಸೂರ್ಯನಿಗೆ ಸಂಘವೂ ಇಲ್ಲ. ಸಂಜೆಯೊಳಗೆ ಆದೇಶ ಹೊರಬಿತ್ತು:

'ಮೂರೂ ಮಾರ್ಗಗಳ ಪ್ರಯಾಣಿಕರು ಮೇಲೆ ತಲುಪುವ ಸರಾಸರಿ ವೇಳೆಯನ್ನು ಪರಿಗಣಿಸಿ, ಬೆಟ್ಟದ ಸೂರ್ಯೋದಯವನ್ನು ೧೧.೪೦ಕ್ಕೆ ನಿಗದಿಪಡಿಸಲಾಗಿದೆ. ಅದಕ್ಕೆ ಮೊದಲು ಆಕಾಶದಲ್ಲಿ ಕಂಡುಬರುವ ಯಾವುದೇ ಬೆಳಕನ್ನು ಪೂರ್ವಸಿದ್ಧತೆ ಎಂದು ಭಾವಿಸತಕ್ಕದ್ದು. ಕಣ್ಣಾರೆ ಕಂಡೆವೆಂಬ ತಕರಾರನ್ನು ಪುರಸ್ಕರಿಸಲಾಗುವುದಿಲ್ಲ.'

ಮೊದಲ ಭಾನುವಾರ ಜನ ನಿದ್ದೆ ಮುಗಿಸಿ, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು, ಆರಾಮಾಗಿ ಬಂದರು. ಹನ್ನೊಂದು ನಲವತ್ತಕ್ಕೆ ಆವಲಪ್ಪ ಸೀಟಿ ಊದಿದ. ಎಲ್ಲರೂ ನೆತ್ತಿಯ ಕಡೆಗೆ ಮೊಬೈಲ್ ಎತ್ತಿದರು, ಚಪ್ಪಾಳೆ ತಟ್ಟಿದರು. ಮತ್ತಿಕೆರೆಯ ಕಾಲೇಜು ಹುಡುಗನೊಬ್ಬ ಹೋದ ವರ್ಷಕ್ಕಿಂತ ಈ ಸಲದ್ದು ಸೂಪರ್ ಮಗಾ ಎಂದು ಗೆಳೆಯನಿಗೆ ಹೇಳುತ್ತಿದ್ದ.

ಜೈಬುನ್ನೀಸಾ ಅರ್ಜಿದಾರರಾದ್ದರಿಂದ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸಿ, ಶಾಲು ಹೊದಿಸಿದೆವು. ಆಕೆ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಕಣ್ಣಲ್ಲಿ ನೀರು ಸುರಿಯಿತು. ಕೆಂಪಗಿರೋದಿಲ್ವಾ ಸಾರ್ ಎಂದು ಮೆಲ್ಲಗೆ ಕೇಳಿದರು. ಕೆಂಪು ಬಣ್ಣದ ಪ್ರಸ್ತಾವ ಮುಂದಿನ ವರ್ಷಕ್ಕಿದೆ ಎಂದೆ. 'ಸೂರ್ಯೋದಯ ತೃಪ್ತಿಕರವಾಗಿತ್ತು' ಎಂಬ ಸಾಲಿನೆದುರು ಸಹಿ ಬೇಕಿತ್ತು. ಬಿಸಿಲಿಗೆ ಕಣ್ಣು ಕತ್ತಲಿಟ್ಟು ಆಕೆಗೆ ಸಾಲು ಕಾಣಲಿಲ್ಲ, ನಾನೇ ಕೈ ಹಿಡಿದು ಜಾಗ ತೋರಿಸಿದೆ.

ಇಷ್ಟಾದ ಮೇಲೆ ಸೂರ್ಯೋದಯ ಕಂಡರೆಂಬ ದೃಢೀಕರಣ ಪತ್ರ ಕೊಡದಿರಲು ಆಗುತ್ತದೆಯೇ? ಅದು ಸಿದ್ಧವಾಗಲು ಎಂಟು ತಿಂಗಳು ಹಿಡಿಯಿತು. ಹೆಬ್ಬಾಳದ ಟ್ರಾಫಿಕ್ಕಿಗೆ ಹೆದರಿ ಬೆಳಗಿನ ಜಾವವೇ ಹೊರಟು ಜಾಲಹಳ್ಳಿ ತಲುಪಿದೆ. ಗಂಡ ಹೆಂಡತಿ ತಾರಸಿಯ ಮೇಲೆ ಚಹಾ ಕುಡಿಯುತ್ತಿದ್ದರು. ಪಕ್ಕದ ಮನೆಯ ನೀರಿನ ಟ್ಯಾಂಕುಗಳ ನಡುವೆ ಕೆಂಪಗೆ, ದುಂಡಗೆ, ಅದು ಮೇಲೇರುತ್ತಿತ್ತು.

ಜೈಬುನ್ನೀಸಾ ಅವರಿಗೆ ಈಗ ಏನೂ ಕಾಣುವುದಿಲ್ಲ. ಮುಖ ಅತ್ತ ತಿರುಗಿಸಿ, ಕೆನ್ನೆಗೆ ಬೆಚ್ಚಗಾಗ್ತಿದೆಯಲ್ಲ, ಏನದು ಎಂದು ಉರ್ದುವಿನಲ್ಲಿ ಕೇಳಿದರು. ಅಕ್ಬರ್ ಪಾಷಾ ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕೈಗಡಿಯಾರ ನೋಡಿದರು. ಏನಿಲ್ಲ ಎಂದು ಉರ್ದುವಿನಲ್ಲೇ ಹೇಳಿ, ಒಂದು ಪದವನ್ನು ಮಾತ್ರ ಕನ್ನಡದಲ್ಲಿ ಸೇರಿಸಿದರು.

"ಪೂರ್ವಸಿದ್ಧತೆ."

ಪತ್ರ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಪಡೆದುಕೊಂಡು ಆಫೀಸಿಗೆ ಬಂದೆ.