ಚಿನ್ನದ ಸೂಜಿಯೂ ನನ್ನ ರೊಟ್ಟಿಯೂ

ಹೆಂಡತಿಯ ಕೈ ನೆಟ್ಟಗಿರುವ ತನಕ ಜೋಳದ ರೊಟ್ಟಿ ತಾನಾಗಿಯೇ ದುಂಡಗಾಗುತ್ತದೆ ಎಂಬ ಭ್ರಮೆ ಗಂಡಸರಿಗಿರುತ್ತದೆ. ನನ್ನ ಭ್ರಮೆ ಹರಿದದ್ದು ನನ್ನ ಹೆಂಡತಿ ನೀಲಮ್ಮನ ಕೀಲುವಾತದಿಂದ. ಬೆಳಗಾದರೆ ಆಕೆಯ ಬೆರಳ ಗೆಣ್ಣುಗಳು ಬಾತು, ಕೊಡದ ಕೊರಳು ಹಿಡಿಯಲೂ ಬಾರದಂತೆ ಸೆಟೆದಿರುತ್ತಿದ್ದವು. ಹಾಗಾಗಿ ಕೊಪ್ಪಳದ ಶಾಲೆಯಲ್ಲಿ ಮಕ್ಕಳನ್ನು ಗದರಿಸುವ ಮಾಸ್ತರನಾದ ನಾನು ದಿನಾ ಬಾಗಿಲಿಗೆ ಅಗಳಿ ಹಾಕಿಕೊಂಡು ರೊಟ್ಟಿ ಬಡಿಯತೊಡಗಿದೆ. ಊರಿಗೆ ಗೊತ್ತಾದರೆ ಮಾನ ಹೋಗುತ್ತದಲ್ಲ!

ಪಕ್ಕದ ಮನೆಗೆ ಬಾಡಿಗೆಗೆ ಬಂದ ಡಾಕ್ಟರ್ ಕರೀಂ ಸಾಹೇಬರು ಯಲಬುರ್ಗಿ ಕಡೆಯವರೇ. ಹೈದರಾಬಾದಿನಲ್ಲಿ ಓದಿ, ಈ ಕೀಲುವಾತ ಯಾಕೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದರು. “ಯಾಕ್ ಬರತೈತ್ರಿ?” ಎಂದು ಕೇಳಿದೆ. “ಗಂಟಲಾಗಿನ ಕೀವಿನಿಂದ ಅಂತ ದೊಡ್ಡವರು ಹೇಳ್ತಾರ್ರಿ. ಗಂಟಲ ಆಪರೇಶನ್ ಮಾಡಿಸ್ಕೊಂಡವರು ಮಾತು ಕಡಿಮಿ ಮಾಡ್ಯಾರ, ನೋವು ಕಡಿಮಿ ಆಗಿಲ್ಲ. ಖರೇ ಹೇಳ್ಬೇಕಂದ್ರ ಗೊತ್ತಿಲ್ರಿ” ಎಂದರು. ಗೊತ್ತಿಲ್ಲ ಎಂದ ವೈದ್ಯರನ್ನು ನಾನು ಕಂಡದ್ದು ಅದೇ ಮೊದಲು. ಅಲ್ಲೇ ನಂಬಿಕೆ ಬಂತು.

ಅವರು ಆ ಕಾಲದಲ್ಲಿ ಕೀಲುವಾತಕ್ಕೆ ಕೊಡುತ್ತಿದ್ದ, ಚಿನ್ನದ ಉಪ್ಪು ಬೆರೆತ ಔಷಧಿಯನ್ನು ನೀಲಮ್ಮನಿಗೆ ವಾರಕ್ಕೊಮ್ಮೆ ಚುಚ್ಚತೊಡಗಿದರು. ಇದನ್ನು ಕೇಳಿ ನಮ್ಮ ಅತ್ತೆ, “ಮೈ ಮ್ಯಾಲಂತೂ ಬಂಗಾರ ಹಾಕ್ಲಿಲ್ಲ, ಒಳಗರ ಹಾಕಿಸಿದ್ರಲ್ಲ ಅಳಿಯಂದಿರು” ಎಂದು ಸಮಾಧಾನಪಟ್ಟರು.

ಸಾಹೇಬರು ಕೇಳಿದಾಗಲೆಲ್ಲ ನೀಲಮ್ಮ “ಆರಾಮ್ ಅದೀನ್ರಿ” ಎನ್ನುವಳು. ನಮಗಾಗಿ ಅಷ್ಟು ಕಷ್ಟಪಡುವವರ ಎದುರು ಇನ್ನೂ ನೋವಿದೆ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಒಂದು ದಿನ ಅವರು ಹಿಗ್ಗಿ ಬಂದರು. “ಅಕ್ಕಾರ, ದಿನಾ ಮುಂಜಾನೆ ಗ್ವಾಡಿ ಆಚೆಯಿಂದ ನಿಮ್ಮ ರೊಟ್ಟಿ ಬಡಿಯೋ ಸಪ್ಪಳ ಕೇಳ್ತೇನ್ರಿ. ಏನ್ ಗಟ್ಟಿ ಕೈ! ಗುಣ ಆಗೇತಿ. ಈ ಔಷಧ ಹೆಚ್ಚಾದ್ರ ಮೈಗೆ ಛಲೋ ಅಲ್ಲ, ಸೂಜಿ ಇನ್ನ ಸಾಕು.”

ನೀಲಮ್ಮ ನನ್ನ ಮುಖ ನೋಡಿ, ಬೆರಳುಗಳನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿದಳು. ನನ್ನ ಮಾನ ಉಳಿಸಲು ಆಕೆ ಕೈ ಕಳೆದುಕೊಳ್ಳಲೂ ತಯಾರಿದ್ದಳು. ನನಗೆ ತಡೆಯಲಾಗಲಿಲ್ಲ. “ಸಾಹೇಬ್ರ, ಬಡಿಯಾವ ನಾನ್ರಿ!” ಎಂದು ಒದರಿದೆ. ಓಣಿಗೆಲ್ಲ ಕೇಳಿಸಿತು. ಸಾಹೇಬರು ನಗಲಿಲ್ಲ. “ಛಲೋ ಆತು ಹೇಳಿದ್ರಿ, ಮಾಸ್ತರ್ರ. ಇಲ್ಲಾಂದ್ರ ನನ್ನ ಸಂಶೋಧನೆ ಸುಳ್ಳಾಗ್ತಿತ್ತು” ಎಂದು ಮತ್ತೆ ಸೂಜಿ ಕುದಿಯಲಿಟ್ಟರು.

ಮಳೆಗಾಲ ಕಳೆಯುವಷ್ಟರಲ್ಲಿ ಬಾವು ಇಳಿಯಿತು. ರೋಗ ಪೂರ್ತಿ ಹೋಗಲಿಲ್ಲ, ಆದರೂ ಒಂದು ಮುಂಜಾನೆ ನೀಲಮ್ಮ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಾನೇ ಕೂತಳು. ಮೊದಲ ರೊಟ್ಟಿ ಬೆಣ್ಣೆ ಹಚ್ಚಿಸಿಕೊಂಡು ಸಾಹೇಬರ ಮನೆಗೆ ಹೋಯಿತು. ಅವರ ಋಣ ಅಷ್ಟಕ್ಕೆ ತೀರುವಂಥದ್ದಲ್ಲ. ಎರಡನೆಯದು ನನಗೆ ಬಂತು. ರೊಟ್ಟಿ ಇಷ್ಟು ಮೆತ್ತಗಿರಬಹುದೆಂಬುದೇ ಮರೆತುಹೋಗಿತ್ತು.

“ಹಂಗಾದ್ರ ಇಷ್ಟು ದಿನ ನನ್ನ ರೊಟ್ಟಿ ಹೆಂಗ ತಿಂದಿ?” ಎಂದೆ.

ನೀಲಮ್ಮ ತಲೆಯೆತ್ತದೆ ಹೇಳಿದಳು: “ಬ್ಯಾನಿ ಇದ್ದದ್ದು ಕೈಗ್ರಿ. ಹಲ್ಲು ಗಟ್ಟಿ ಇದ್ವಲ್ಲ.”