ನಲವತ್ತೆಂಟು ಸೆಕೆಂಡಿನ ಮೊಲ

"ಹನ್ನೆರಡೇ ದಿನ! ಅಷ್ಟರಲ್ಲಿ ಈ ಮೊಲಕ್ಕೆ ಶಿಸ್ತು ಅಂದ್ರೇನು ಅಂತ ಕಲಿಸದೆ ಹೋದ್ರೆ, ನನ್ನ ಸೀಟಿ ಕರಗಿಸಿ ಚಮಚ ಮಾಡಿಸಿಬಿಡ್ತೀನಿ!"

ಆಟದ ಮೇಷ್ಟ್ರು ಹೀಗೆ ಪಣ ತೊಟ್ಟಿದ್ದು ಒಂದು ಸೋಮವಾರ, ಬೆಳಗಿನ ಎಂಟು ಗಂಟೆ ಹದಿನೇಳು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂದರೆ, ಅವರ ಮನೆಯಲ್ಲಿ ಏನೇ ನಡೆದರೂ ಅದಕ್ಕೊಂದು ಸಮಯ ದಾಖಲಾಗಿಯೇ ಇರುತ್ತದೆ. ಮೂವತ್ತೊಂದು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸಿ ನಿವೃತ್ತರಾದವರು ಅವರು. ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಡಲಿಲ್ಲ, ಜೇಬಿನ ಸ್ಟಾಪ್‌ವಾಚ್ ಬಿಡಲಿಲ್ಲ. ಗಡ್ಡ ಕೆರೆಯಲು ಎರಡು ನಿಮಿಷ ಹತ್ತು ಸೆಕೆಂಡು. ಸ್ನಾನಕ್ಕೆ ಮೂರು ನಿಮಿಷ. ಊಟಕ್ಕೆ ನಾಲ್ಕು. ಐದಾದರೆ ಆ ದಿನ ಮೈಯಲ್ಲಿ ಹುಷಾರಿಲ್ಲ ಎಂದು ಅರ್ಥ!

ಅವರ ಹೆಂಡತಿ ಪುಸ್ತಕಕ್ಕೆ ರಟ್ಟು ಕಟ್ಟುವವಳು. ಬೀದಿಗೆಲ್ಲ ಬೈಂಡಿಂಗ್ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಒತ್ತುಹಲಗೆ, ದಾರದುಂಡೆ, ದಬ್ಬಣ, ಅಂಟಿನ ಡಬ್ಬಿ. ಗಂಡ ಎಷ್ಟು ಚುರುಕೋ ಇವಳು ಅಷ್ಟು ನಿಧಾನ. ಅಂಟು ಒಣಗುವವರೆಗೆ ಕಾಯುವ ಕೆಲಸ ಮಾಡುವವಳಿಗೆ ಅವಸರ ಎಲ್ಲಿಂದ ಬರಬೇಕು? ಓದುವುದೂ ಬೆರಳಿಟ್ಟುಕೊಂಡೇ, ಒಂದೊಂದೇ ಅಕ್ಷರ. ಅವಳಿಗೆ ಇನ್ನೊಂದು ಅಭ್ಯಾಸ. ಯಾವ ಹಾಳೆ ಕೈಗೆ ಬಂದರೂ ತಿರುಗಿಸಿ ಹಿಂಬದಿ ನೋಡುವುದು. ಪುಟ ಹಿಂದುಮುಂದಾದರೆ ಪುಸ್ತಕವೇ ಹಾಳಲ್ಲವೇ? ಬಸ್ಸಿನ ಟಿಕೆಟ್ಟನ್ನೂ ತಿರುಗಿಸುತ್ತಾಳೆ. ಔಷಧಿ ಚೀಟಿಯನ್ನೂ ತಿರುಗಿಸುತ್ತಾಳೆ.

ಮೊಲ ಅವರ ಮಗಳದು. ನಕ್ಷೆ ತಯಾರಿಸುವ ಕಚೇರಿಯಲ್ಲಿ ಕೆಲಸ, ಒಂಟಿ ವಾಸ. ಹನ್ನೆರಡು ದಿನ ಗುಡ್ಡಗಾಡಿನಲ್ಲಿ ಅಳತೆಯ ಕೆಲಸ ಬಿದ್ದಿತ್ತು. ಬೂದು ಬಣ್ಣದ, ಒಂದು ಕಿವಿ ಜೋತುಬಿದ್ದ ಮೊಲವನ್ನು ಬುಟ್ಟಿಯಲ್ಲಿ ತಂದು ಇಳಿಸಿದಳು. ಅದರ ಹೆಸರು ದೊರೆ. ಕೂರುವ ಠೀವಿ ನೋಡಿದರೆ ಇನ್ನೇನೂ ಹೆಸರಿಡಲು ಸಾಧ್ಯವಿರಲಿಲ್ಲ.

"ಅಪ್ಪಾ, ಆರು ವರ್ಷದಿಂದ ಮನೆಗೆ ಬಂದಾಗ ಬಾಗಿಲಿಗೆ ಓಡಿ ಬರೋದು ಇವನೊಬ್ಬನೇ. ಜೋಪಾನ," ಎಂದಳು. ಎಂದವಳ ಕಣ್ಣು ತುಂಬಿತ್ತು. ಕೈಗೊಂದು ಹಾಳೆ ಕೊಟ್ಟಳು.

ಮೇಷ್ಟ್ರು ಸ್ಟಾಪ್‌ವಾಚ್ ಒತ್ತಿ ಓದಿದರು. "ಮೂವತ್ತೈದು ಸೆಕೆಂಡು! ಪೂರ್ತಿ ಓದಿ ಮುಗೀತು!"

ಅಕ್ಕ ಹಾಳೆ ಇಸಕೊಂಡಳು. ಅವಳ ಓದು ಮುಗಿದಿದ್ದು ಮೂರನೆಯ ದಿನ ಮಧ್ಯಾಹ್ನ!

ಆ ಮಧ್ಯಾಹ್ನವೇ ಮೇಷ್ಟ್ರು ಒಂದು ವಿಚಿತ್ರ ಕಂಡರು. ಅಕ್ಕ ರಟ್ಟು ಹಾಕದ ಒಂದು ದಪ್ಪ ಪುಸ್ತಕವನ್ನು ಎಡ ಮುಂಗೈಯುದ್ದಕ್ಕೆ ಮಲಗಿಸಿಕೊಂಡು, ಬಲಗೈಯನ್ನು ಅದರ ಮೇಲೆ ಗಟ್ಟಿಯಾಗಿ ಒತ್ತಿ, ಮೆಲ್ಲಗೆ ಮುಂದಕ್ಕೆ ಬಾಗಿಸುತ್ತಿದ್ದಾಳೆ. ಎತ್ತುತ್ತಾಳೆ, ಮತ್ತೆ ಬಾಗಿಸುತ್ತಾಳೆ.

"ಏನೇ ಅದು? ಪುಸ್ತಕಕ್ಕೆ ಜೋಗುಳ ಹಾಡ್ತಿದ್ದೀಯಾ?"

"ಅಭ್ಯಾಸ ಮಾಡ್ತಿದ್ದೀನಿ ಕಣ್ರೀ."

"ಯಾವುದಕ್ಕೆ?"

"ಅದು ಬೇಕಾಗೋ ಹೊತ್ತು ಬರದೇ ಇರಲಿ," ಎಂದು ಅಕ್ಕ ಪುಸ್ತಕವನ್ನು ಒತ್ತುಹಲಗೆಗೆ ಸೇರಿಸಿದಳು. ಮೇಷ್ಟ್ರು ನಕ್ಕುಬಿಟ್ಟರು. ಅವರಿಗೆ ಬೇರೆ ಮುಖ್ಯ ಕೆಲಸವಿತ್ತು.

ಮಗಳ ಹಾಳೆಯಲ್ಲಿ ಮೊದಲನೆಯದೇ ಊಟದ ವಿಷಯ. ಹಸಿರು ಹುಲ್ಲು, ಒಣಹುಲ್ಲು ಸದಾ ಮುಂದಿರಬೇಕು. ಹುಲ್ಲನ್ನೇ ಒತ್ತಿ ಮಾಡಿದ, ಮುರಿದ ಪೆನ್ಸಿಲ್ ಮೊನೆಯಂಥ ಗುಳಿಗೆಗಳು ಎರಡೇ ಚಮಚ. ಅದನ್ನೂ ಬಟ್ಟಲಲ್ಲಿ ಹಾಕಬಾರದು, ಅಗಲ ತಟ್ಟೆಯಲ್ಲಿ ಹುಲ್ಲಿನ ನಡುವೆ ಹರಡಿ ಹಾಕಬೇಕು. ದೊರೆ ಒಂದೊಂದೇ ಗುಳಿಗೆ ಹುಡುಕಿ, ಮೂಸಿ, ಅಗಿದು ತಿನ್ನುತ್ತಿದ್ದ. ಒಂದು ಊಟಕ್ಕೆ ಇಪ್ಪತ್ತಾರು ನಿಮಿಷ!

ಮೇಷ್ಟ್ರ ಕೈ ತುರಿಸತೊಡಗಿತು. "ಇದು ಊಟವೇನೇ? ಜಮೀನು ಅಳತೆ! ಮಗಳ ಬುದ್ಧಿಯೇ ಮೊಲಕ್ಕೂ ಬಂದಿದೆ!"

ಸ್ಟೀಲ್ ಬಟ್ಟಲು ಬಂತು. ಅದರ ತುಂಬ ಗುಳಿಗೆ ಬಿತ್ತು. ಅಕ್ಕ ನೋಡಿದವಳೇ ಬಟ್ಟಲು ಕಸಿದುಕೊಂಡಳು. "ಹರಡಿ ಹಾಕಿ ಅಂತ ಬರೆದಿದ್ದಾಳಲ್ರೀ!"

"ಅದು ಸಲಹೆ ಕಣೇ. ನಾನು ತರಬೇತುದಾರ."

"ನೀವು ತರಬೇತಿ ಕೊಡಿ, ಬೇಡ ಅನ್ನಲ್ಲ. ಬಟ್ಟಲು ಮಾತ್ರ ಬೇಡ. ಮಾತು ಕೊಡಿ."

ಮೇಷ್ಟ್ರು ಮಾತು ಕೊಟ್ಟರು. ಬಟ್ಟಲನ್ನು ಗುಟ್ಟಾಗಿ ಹಿತ್ತಲ ಜಗಲಿಗೆ ವರ್ಗ ಮಾಡಿದರು! ಅಕ್ಕ ದಿನಾ ಬೆಳಿಗ್ಗೆ ಆರೂವರೆಗೆ ಅಚ್ಚುಕೂಟಕ್ಕೆ ಹೋಗಿ, ಅಚ್ಚಾದ ಹಾಳೆಗಳ ಕಟ್ಟು ತರುತ್ತಾಳೆ. ಹೋಗಿ ಬರಲು ಒಂದು ಗಂಟೆ. ಅಷ್ಟು ಸಾಕಲ್ಲ! ಓಟಕ್ಕೆ ಮೊದಲು ಹೊಟ್ಟೆ ಹಗುರವಿರಬೇಕೆಂದು ಮೇಷ್ಟ್ರು ಹುಲ್ಲಿನ ತಟ್ಟೆಯನ್ನು ಬೆಳಗಾಗುವ ಮುಂಚೆಯೇ ಎತ್ತಿಡುತ್ತಿದ್ದರು. ಹಸಿದ ದೊರೆಯ ಮುಂದೆ ಬಟ್ಟಲಿಟ್ಟು ಪೀಂ! ಎಂದು ಸೀಟಿ ಊದುತ್ತಿದ್ದರು. ದೊರೆ ಮೂತಿ ಹುದುಗಿಸಿದರೆ ಮುಗಿಯಿತು, ಅಗಿಯುವುದೂ ಇಲ್ಲ, ಮೂಸುವುದೂ ಇಲ್ಲ.

ನಾಲ್ಕನೆಯ ದಿನ ನಾಲ್ಕು ನಿಮಿಷ. ಆರನೆಯ ದಿನ ಒಂದು ನಿಮಿಷ ನಲವತ್ತು. ಎಂಟನೆಯ ದಿನ, ಆಹಾ! ನಲವತ್ತೆಂಟು ಸೆಕೆಂಡು! ಇಂಥ ಪ್ರತಿಭೆ ತಮ್ಮ ಮೈದಾನದಲ್ಲಿ ಮೂವತ್ತೊಂದು ವರ್ಷದಲ್ಲಿ ಒಂದೂ ಸಿಗಲಿಲ್ಲವಲ್ಲ ಎಂದು ಮೇಷ್ಟ್ರು ಪೇಚಾಡಿದರು.

ಸಾಧನೆಗೆ ಸಾಕ್ಷಿ ಬೇಡವೇ? ಒಂಬತ್ತನೆಯ ದಿನ ಪಕ್ಕದ ಮನೆಯ ಅಂಚೆಯಣ್ಣನನ್ನು ಕರೆದರು. ಆತನೂ ನಿವೃತ್ತ. ಕುರ್ಚಿ ಹಾಕಿ ಕೂರಿಸಿದರು.

"ನೋಡ್ತಾ ಇರಿ ಅಂಚೆಯಣ್ಣ. ಇವತ್ತು ನಲವತ್ತೈದರ ಒಳಗೆ!"

ಪೀಂ!

ಇಪ್ಪತ್ತು ಸೆಕೆಂಡು ದೊರೆ ಬಿರುಗಾಳಿ. ಇಪ್ಪತ್ತೊಂದನೆಯ ಸೆಕೆಂಡಿಗೆ ತಲೆ ಮೇಲೆತ್ತಿದ. ಮೂಗು ಆಕಾಶಕ್ಕೆ. ಮುಂಗಾಲು ಸೆಟೆದು ನಿಂತ.

"ನೋಡಿದ್ರಾ! ಗೆದ್ದವನ ಗತ್ತು!" ಎಂದರು ಮೇಷ್ಟ್ರು. ಅಂಚೆಯಣ್ಣ ಚಪ್ಪಾಳೆಯನ್ನೂ ತಟ್ಟಿದ.

ದೊರೆ ಬಾಯಿ ತೆರೆದ. ಜೊಲ್ಲು ಗಲ್ಲದಿಂದ ಎದೆಗೆ ಇಳಿಯಿತು. ಎದೆ ಎಳೆಯುತ್ತಿದೆ, ಉಸಿರು ಬರುತ್ತಿಲ್ಲ. ಒಳಗೆಲ್ಲೋ ಬಾಗಿಲು ಕಿರುಗುಟ್ಟಿದ ಹಾಗೆ ಸಣ್ಣ ಸದ್ದು.

"ಮೇಷ್ಟ್ರೇ, ಗೆದ್ದವರು ನೀಲಿ ಆಗ್ತಾರಾ?" ಎಂದ ಅಂಚೆಯಣ್ಣ.

ತುಟಿ ನೀಲಿಗೆ ತಿರುಗಿತ್ತು! ಆಟ ನಿಲ್ಲಿಸಲು ಮೇಷ್ಟ್ರಿಗೆ ಗೊತ್ತಿದ್ದುದು ಒಂದೇ ವಿದ್ಯೆ. ಪೀಂ! ಸೀಟಿ ಕೇಳಿದ ದೊರೆ, ಪಾಪ, ಉಸಿರಿಲ್ಲದಿದ್ದರೂ ಶಿಸ್ತು ಬಿಡಲಿಲ್ಲ. ಮತ್ತೆ ಬಟ್ಟಲಿನ ಕಡೆಗೇ ಬಗ್ಗಿದ!

"ನೀರು! ನೀರು ಕುಡಿಸಿ!" ಅಂಚೆಯಣ್ಣ ಚೊಂಬು ಹಿಡಿದು ಓಡಿಬಂದ. ಮೇಷ್ಟ್ರು ಬೆನ್ನಿಗೆ ಗುದ್ದಲು ಕೈ ಎತ್ತಿದರು. ಮಕ್ಕಳಿಗೆ ಮಿಠಾಯಿ ಸಿಕ್ಕಿಕೊಂಡಾಗ ಗುದ್ದುತ್ತಿದ್ದ ಅದೇ ಕೈ.

"ಕೈ ಇಳಿಸ್ರೀ! ಅಂಚೆಯಣ್ಣ, ನೀರು ಬೇಡ!"

ಹಿತ್ತಲ ಬಾಗಿಲಲ್ಲಿ ಅಕ್ಕ! ಅಚ್ಚುಕೂಟದಲ್ಲಿ ಅವತ್ತು ಕೆಲಸವಿರಲಿಲ್ಲ, ಬೇಗ ಬಂದಿದ್ದಳು. ಮೊಣಕಾಲೂರಿ ಕೂತಳು. ಬಟ್ಟಲನ್ನು ಆಚೆ ದೂಡಿದಳು. ದೊರೆಯ ಬಾಯಿಯನ್ನು ಪಕ್ಕದಿಂದ ಬಿಡಿಸಿ, ಒಳಗೆ ನೋಡಿ, ಕಣ್ಣಿಗೆ ಕಂಡ ಹಸಿಮುದ್ದೆಯನ್ನಷ್ಟೇ ಕಿರುಬೆರಳಿನಿಂದ ಕೆರೆದು ತೆಗೆದಳು. ಕಾಣದ್ದನ್ನು ಕೆದಕಲಿಲ್ಲ. ಉಸಿರು ಇನ್ನೂ ಬರಲಿಲ್ಲ.

ಆಗ ಅವಳು ದೊರೆಯನ್ನು ಎಡ ಮುಂಗೈಯುದ್ದಕ್ಕೆ ಬೋರಲು ಮಲಗಿಸಿಕೊಂಡಳು. ತಲೆ ಅಂಗೈಯ ಬೆರಳುಗಳ ನಡುವೆ, ಹಿಂಗಾಲು ಮೊಣಕೈ ಸಂದಿಯಲ್ಲಿ. ಬಲಗೈ ಕತ್ತಿನಿಂದ ಸೊಂಟದವರೆಗೆ ಬೆನ್ನಿನ ಮೇಲೆ, ಗಟ್ಟಿಯಾಗಿ. ಎರಡು ರಟ್ಟುಗಳ ನಡುವೆ ಹೊಲಿಯದ ಪುಸ್ತಕ ಹಿಡಿದ ಹಾಗೆ, ಒಂದು ಹಾಳೆಯೂ ಜಾರಬಾರದು, ಬೆನ್ನು ಎಳ್ಳಷ್ಟೂ ಬಾಗಬಾರದು! ಹಾಗೆಯೇ ಮುಂದಕ್ಕೆ ಬಗ್ಗಿ ದೊರೆಯ ತಲೆಯನ್ನು ನೆಲದ ಕಡೆಗೆ ಇಳಿಸಿದಳು. ಒದರಲಿಲ್ಲ, ಕುಲುಕಲಿಲ್ಲ. ಎತ್ತಿದಳು. ಮತ್ತೆ ಇಳಿಸಿದಳು. ಮೇಷ್ಟ್ರಿಗೆ ಪುಸ್ತಕದ ಜೋಗುಳ ನೆನಪಾಯಿತು.

ಮೂರನೆಯ ಸಲಕ್ಕೆ ನೆಲಕ್ಕೆ ಏನೋ ಪಚ್ ಎಂದು ಬಿತ್ತು. ಹೆಬ್ಬೆರಳ ಉಗುರಿನಷ್ಟು ಉಬ್ಬಿದ ಮುದ್ದೆ. ದೊರೆ ಸೀನಿದ. ಇನ್ನೊಮ್ಮೆ ಸೀನಿದ. ಜೋತ ಕಿವಿ ಅಲುಗಿತು. ನೀಲಿ ತುಟಿಗೆ ಮೆಲ್ಲಗೆ ಗುಲಾಬಿ ಬಣ್ಣ ಮರಳಿತು.

ಅಂಚೆಯಣ್ಣ ಚೊಂಬಿನ ನೀರನ್ನು ತಾನೇ ಗಟಗಟ ಕುಡಿದ.

"ಬದುಕಿದ! ಸದ್ಯ, ಮುಗೀತು!" ಎಂದರು ಮೇಷ್ಟ್ರು.

"ಮುಗೀಲಿಲ್ಲ. ಬುಟ್ಟಿ ತನ್ನಿ. ಡಾಕ್ಟರ ಹತ್ರ ಹೋಗ್ಬೇಕು," ಎಂದಳು ಅಕ್ಕ. "ಚೂರು ಶ್ವಾಸಕೋಶಕ್ಕೆ ಇಳಿದಿದ್ರೆ ನಾಳೆ ನಾಡಿದ್ದು ಜ್ವರ ಬರುತ್ತೆ."

"ನಿಂಗಿದೆಲ್ಲ ಯಾರು ಹೇಳಿದ್ದು?"

"ಆಮೇಲೆ ಕೇಳಿ. ಈಗ ಬುಟ್ಟಿ!"

ಪ್ರಾಣಿಗಳ ಡಾಕ್ಟರಮ್ಮ ದೊರೆಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಬಾಯಿ ನೋಡಿದರು, ಬೆನ್ನೆಲುಬು ಸವರಿ ನೋಡಿದರು. "ಸದ್ಯಕ್ಕೆ ಸರಿಯಾಗಿದ್ದಾನೆ. ಗಾಬರೀಲಿ ಹಿಡಿದು ಕುಲುಕಿ ಬೆನ್ನು ಮುರಿದುಕೊಂಡು ಬರೋರೇ ಜಾಸ್ತಿ. ಇಷ್ಟು ಚೆನ್ನಾಗಿ ಹಿಡಿದಿದ್ದು ಯಾರು?"

"ಇವಳು," ಎಂದರು ಮೇಷ್ಟ್ರು.

"ಶಹಬ್ಬಾಸ್ ಕಣಮ್ಮಾ! ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ. ಉಸಿರಾಡೋದೂ ಮೂಗಲ್ಲೇ. ಬಾಯಿ ತೆಗೆಯಿತು ಅಂದ್ರೆ ಗಂಡಾಂತರ ಅಂತಲೇ ಅರ್ಥ. ಗುಳಿಗೆ ಬಟ್ಟಲಲ್ಲಿ ಕೊಟ್ಟಿದ್ದು ಯಾರು?"

ಮೇಷ್ಟ್ರು ಮಾಡಿನ ಫ್ಯಾನನ್ನು ಅಧ್ಯಯನ ಮಾಡತೊಡಗಿದರು.

"ಎಷ್ಟು ಹೊತ್ತಲ್ಲಿ ತಿಂತಿತ್ತು?"

ಹಾಳು ಬಾಯಿ! ಮೂವತ್ತೊಂದು ವರ್ಷದ ಅಭ್ಯಾಸ ಎಲ್ಲಿ ಹೋಗಬೇಕು? "ನಲವತ್ತೆಂಟು ಸೆಕೆಂಡು!" ಎಂದುಬಿಟ್ಟರು, ಎದೆಯನ್ನೂ ಉಬ್ಬಿಸಿ.

ಡಾಕ್ಟರಮ್ಮ ಕನ್ನಡಕ ತೆಗೆದು ಅವರನ್ನೇ ನೋಡಿದರು. "ಎದೆ ಉಬ್ಬಿಸೋ ವಿಷಯನಾ ಇದು? ಎರಡು ದಿನ ಇವನ ಉಸಿರು ಎಣಿಸ್ತಾ ಇರಿ. ಹುಲ್ಲು ತಿಂತಾನಾ, ಹಿಕ್ಕೆ ಹಾಕ್ತಾನಾ, ನೋಡ್ತಾ ಇರಿ. ಏರುಪೇರಾದ್ರೆ ತಕ್ಷಣ ಬನ್ನಿ."

ಅವತ್ತು ಮಧ್ಯಾಹ್ನ ಅಕ್ಕನಿಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಮೇಷ್ಟ್ರು ಬಂದು ಕೂತರು. ತಾವೇ ದಾರ ಪೋಣಿಸಿಕೊಟ್ಟರು. ಏಳು ನಿಮಿಷ ಹಿಡಿಯಿತು. ಗಡಿಯಾರ ನೋಡಿಕೊಂಡಿದ್ದು ಅಕ್ಕ!

ಆಮೇಲಿನ ಮೂರು ದಿನ ಮೇಷ್ಟ್ರು ಬೇರೆಯೇ ಮನುಷ್ಯ. ಸೀಟಿ ಮೊಳೆಗೆ ನೇತುಬಿತ್ತು. ಸ್ಟಾಪ್‌ವಾಚ್ ದೊರೆಯ ಉಸಿರು ಎಣಿಸುವ ಕೆಲಸಕ್ಕೆ ಸೇರಿತು. ಮಂಡಿಯೂರಿ ಕೂತು ಹುಲ್ಲಿನ ನಡುವೆ ಒಂದೊಂದೇ ಗುಳಿಗೆ ಬಚ್ಚಿಡುತ್ತಿದ್ದರು. ಕ್ಯಾರೆಟ್ಟನ್ನು ದೀಪಕ್ಕೆ ಹಿಡಿದರೆ ಬೆಳಕು ಕಾಣುವಷ್ಟು ತೆಳ್ಳಗೆ ಹೆಚ್ಚುತ್ತಿದ್ದರು. ದೊರೆಯ ಊಟ ಮತ್ತೆ ಅರ್ಧ ಗಂಟೆ ಮುಟ್ಟಿದಾಗ ಅಂಚೆಯಣ್ಣನನ್ನು ಕರೆದು, "ನೋಡಿ, ಮೂವತ್ತೊಂದು ನಿಮಿಷ! ದಾಖಲೆ!" ಎಂದರು.

ಹನ್ನೆರಡನೆಯ ದಿನ ಬೆಳಿಗ್ಗೆ ಮೇಷ್ಟ್ರು ಅಕ್ಕನ ಬೆನ್ನು ಬಿದ್ದರು. "ಮಗಳಿಗೆ ಹೇಳ್ಬೇಡ ಕಣೇ."

"ನಾನ್ಯಾಕೆ ಹೇಳಲಿ? ಆದ್ರೆ ಆ ಚಮಚ ಯಾವಾಗ ಮಾಡಿಸ್ತೀರಿ?"

ಮಗಳು ಬಂದಳು. ದೊರೆ ಬಾಗಿಲಿಗೆ ಓಡಿದ. ಎತ್ತಿ ಮುದ್ದಾಡಿ ಇಳಿಸಿದಳು. ಅಪ್ಪನ ಬರಿಗೊರಳು ಕಂಡು ಗಾಬರಿಯಾದಳು. "ಅಪ್ಪಾ, ಸೀಟಿ ಎಲ್ಲಿ? ಹುಷಾರಾಗಿದ್ದೀಯ ತಾನೆ?" ಮೊಳೆಯ ಮೇಲೆ ಕಂಡಿತು. ಚಿಕ್ಕಂದಿನಿಂದಲೂ ಮನೆಗೆ ಬಂದ ಕೂಡಲೇ ಅಪ್ಪನ ಸೀಟಿ ಒಮ್ಮೆ ಊದುವುದು ಅವಳ ರೂಢಿ.

"ಊದಬೇಡ!" ಎಂದು ಮೇಷ್ಟ್ರು ಹಾರಿದರು.

ಪೀಂ!

ದೊರೆ ಬಾಣದಂತೆ ಹಿತ್ತಲ ಜಗಲಿಗೆ ನುಗ್ಗಿದ. ಬಟ್ಟಲಿಡುತ್ತಿದ್ದ ಜಾಗದಲ್ಲಿ, ಓಟದ ಗೆರೆಯ ಮೇಲೆ ನಿಂತ ಹುಡುಗನಂತೆ, ಮೂಗು ಕುಣಿಸುತ್ತ ಸಿದ್ಧನಾಗಿ ನಿಂತ!

ಮಗಳು ಸೀಟಿ ನೋಡಿದಳು, ಮೊಲ ನೋಡಿದಳು, ಅಪ್ಪನನ್ನು ನೋಡಿದಳು. "ಅಪ್ಪಾ... ಏನಿದು?"

ತಪ್ಪು ಮಾಡಿದ ಮಕ್ಕಳನ್ನು ತಾವು ನಿಲ್ಲಿಸುತ್ತಿದ್ದ ಹಾಗೆಯೇ ಕೈ ಕಟ್ಟಿ ನಿಂತು ಮೇಷ್ಟ್ರು ಎಲ್ಲವನ್ನೂ ಒಪ್ಪಿಕೊಂಡರು. ಬಟ್ಟಲು, ಹುಲ್ಲು ಎತ್ತಿಟ್ಟಿದ್ದು, ನೀಲಿ ತುಟಿ, ಎತ್ತಿದ ಕೈ. ಮಗಳ ಮುಖ ಬಿಳಿಚಿತು. ಓಡಿಹೋಗಿ ದೊರೆಯನ್ನು ಎದೆಗವಚಿಕೊಂಡಳು. ಆಮೇಲೆ ಅಮ್ಮನ ಹತ್ತಿರ ಬಂದು, ಅಂಟು ಮೆತ್ತಿದ ಆ ಎರಡೂ ಕೈಗಳನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ಹಾಳೆ ಓದಿದ್ಯಾ ಅಪ್ಪಾ?"

"ಪೂರ್ತಿ! ಅದರಲ್ಲಿ ಗಂಟಲಲ್ಲಿ ಸಿಕ್ಕಿಕೊಂಡ್ರೆ ಏನು ಮಾಡ್ಬೇಕು ಅಂತ ಬರೆದೇ ಇರಲಿಲ್ಲ ಕಣಮ್ಮಾ!"

ಅಕ್ಕ ರಟ್ಟಿನ ಮಡಿಕೆಯಲ್ಲಿ ಜೋಪಾನವಾಗಿಟ್ಟಿದ್ದ ಹಾಳೆಯನ್ನು ತಂದುಕೊಟ್ಟಳು. ಮೇಷ್ಟ್ರು ಮೊದಲ ಸಲ ಅದನ್ನು ತಿರುಗಿಸಿದರು. ಹಿಂಬದಿ ತುಂಬ ಬರಹ! ತಲೆ ಮೇಲೆತ್ತಿದರೆ, ಬಾಯಿ ತೆರೆದರೆ, ಹೀಗೆ ಹಿಡಿ, ನೀರು ಹಾಕಬೇಡ, ಡಾಕ್ಟರ ವಿಳಾಸ, ಎಲ್ಲವೂ. ಕೊನೆಯಲ್ಲಿ ನಾಲ್ಕು ಸಾಲು:

"ಅಮ್ಮಾ, ಆ ಬದಿ ಅಪ್ಪನಿಗೆ, ಈ ಬದಿ ನಿನಗೆ. ಅಪ್ಪ ಹಾಳೆ ತಿರುಗಿಸೋದಿಲ್ಲ, ನೀನು ತಿರುಗಿಸದೆ ಬಿಡೋದಿಲ್ಲ. ದೊರೆಯ ಜೀವ ನಿನ್ನ ಕೈಯಲ್ಲಿದೆ ಅನ್ನೋ ಧೈರ್ಯದ ಮೇಲೆ ಹೊರಟಿದ್ದೀನಿ. ಅಪ್ಪನಿಗೆ ತೋರಿಸಬೇಡ, ಬೇಜಾರು ಮಾಡ್ಕೋತಾನೆ."

ಮೇಷ್ಟ್ರು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದರು. ಹೆಂಡತಿಯ ಕಡೆ ನೋಡಿದರು. ಮಗಳ ಕಡೆ ನೋಡಿದರು. ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು, ಇನ್ನೂ ಒಂದು ಸಲ ತಿರುಗಿಸಿದರು, ಎಲ್ಲಾದರೂ ಮೂರನೆಯ ಬದಿ ಇದೆಯೇನೋ ಎಂದು!